ಐತಿಹಾಸಿಕ ಸಿನಿಮಾದಲ್ಲಿ ತಪ್ಪು ಹುಡುಕಬೇಕಾದ್ದು ಕಿರೀಟದಲ್ಲೋ, ಕಾರಣದಲ್ಲೋ?

ಶಾಸನದಕಲ್ಲು

ಐತಿಹಾಸಿಕ ಸಿನಿಮಾ ಬಿಡುಗಡೆಯಾದ ವಾರ ಎಲ್ಲ ಕಡೆ ಎರಡೇ ನಮೂನೆಯ ವಿಮರ್ಶೆ. ‘ಮೈ ಜುಮ್ಮೆಂದಿತು, ಮಕ್ಕಳಿಗೂ ತೋರಿಸಿ’ ಅನ್ನೋದು ಒಂದು. ‘ಕದಂಬರ ಕಾಲದಲ್ಲಿ ಮೆಣಸಿನಕಾಯಿ ಎಲ್ಲಿತ್ತು, ದುರ್ಬೀನು ಬಂದಿದ್ದೇ 1608ರ ಹೊತ್ತಿಗೆ’ ಅನ್ನೋ ಪಟ್ಟಿ ಇನ್ನೊಂದು. ಪಟ್ಟಿ ಮಾಡೋದು ಮಜಾ, ಇಲ್ಲ ಅನ್ನಲ್ಲ. ಆದರೆ ಅದನ್ನು ಓದಿ ಮುಗಿಸಿದ ಮೇಲೂ ಸಿನಿಮಾ ಇತಿಹಾಸವನ್ನು ಏನು ಮಾಡಿತು ಅಂತ ತಿಳಿಯಲ್ಲ.

ನಾನು ಮೊದಲು ನೋಡೋದು ಕಾರಣವನ್ನು. ಘಟನೆ ಯಾಕೆ ನಡೀತು ಅಂತ ಮೂಲ ಆಕರ ಹೇಳುತ್ತೆ? ಸಿನಿಮಾ ಏನು ಹೇಳುತ್ತೆ?

‘ಮಯೂರ’ (1975) ತಗೊಳ್ಳಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದಲ್ಲಿ ಕಥೆ ಹೀಗಿದೆ: ಕದಂಬ ವಂಶದ ಮೂಲಪುರುಷ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದ್ರೆ ವಿದ್ಯಾಪೀಠಕ್ಕೆ, ವೇದಾಭ್ಯಾಸಕ್ಕೆ ಹೋಗ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗುತ್ತೆ. ಆ ಅವಮಾನ ತಡೆಯಲಾರದೆ ದರ್ಭೆ, ಸಮಿತ್ತು, ಸೌಟು ಹಿಡಿದು ಪಳಗಿದ್ದ ಕೈಯಲ್ಲಿ ಕತ್ತಿ ಹಿರೀತಾನೆ. ಪಲ್ಲವರ ಗಡಿ ಕಾವಲಿನವರನ್ನು ಸೋಲಿಸಿ ಶ್ರೀಪರ್ವತದ ಕಾಡು ಹಿಡೀತಾನೆ, ಬೃಹದ್ಬಾಣ ಅರಸರಿಂದ ಕಪ್ಪ ವಸೂಲಿ ಮಾಡ್ತಾನೆ. ಕೊನೆಗೆ ಪಲ್ಲವರೇ ರಾಜಿಗೆ ಬರ್ತಾರೆ. ಇವನು ಅವರ ಸೇವೆಗೂ ನಿಂತು, ಪಶ್ಚಿಮ ಸಮುದ್ರದಿಂದ ಪ್ರೇಹರಾ ನದಿವರೆಗಿನ ನಾಡು ಪಡೀತಾನೆ.

ಸಿನಿಮಾದಲ್ಲಿ ಅವನು ಹುಟ್ಟಿನಿಂದಲೇ ರಾಜಕುಮಾರ, ಆ ಗುಟ್ಟು ತಡವಾಗಿ ಬಯಲಾಗುತ್ತೆ. ಓದೋ ಹುಡುಗನೊಬ್ಬ ರಾಜ್ಯ ಕಟ್ಟಿದ ಕಥೆ, ಕಳೆದುಹೋದ ಅಪ್ಪನ ಆಸ್ತಿ ವಾಪಸ್ ಪಡೆದ ಕಥೆ ಆಯ್ತು. ರಕ್ತದಲ್ಲಿ ರಾಜತ್ವ ಇಲ್ಲದೆ ರಾಜನಾಗೋಕೆ ಆಗಲ್ಲ ಅನ್ನೋ ಮಾತು ಶಾಸನದಲ್ಲಿ ಎಲ್ಲೂ ಇಲ್ಲ. ಕಿರೀಟದ ಆಕಾರ ಸರಿ ಇದ್ದರೆಷ್ಟು ಬಿಟ್ಟರೆಷ್ಟು? ನಾನು ತಪ್ಪು ಅಂತ ಗುರುತು ಹಾಕೋದು ಈ ಜಾಗಕ್ಕೆ.

ನೆತ್ತಿಸೂರ್ಯ

ಸ್ವಲ್ಪ ತಾಳಿ. ಆ ಸಿನಿಮಾ ನಿಂತಿರೋದು ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಮೇಲೆ. ಶಾಸನ ಓದಿಸ್ತೀವಿ ಅಂತ ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಇನ್ನು ನಿಮ್ಮ ಶಾಸನವಾದರೂ ಏನು ಸತ್ಯಹರಿಶ್ಚಂದ್ರನೇ? ಬರೆದವನು ಕುಬ್ಜ ಕವಿ, ಕದಂಬ ದೊರೆ ಶಾಂತಿವರ್ಮನ ಆಸರೆಯಲ್ಲಿ, ಸುಮಾರು 450ರ ಹೊತ್ತಿಗೆ. ಮಯೂರ ರಾಜ್ಯ ಕಟ್ಟಿದ್ದು ಅದಕ್ಕಿಂತ ನೂರು ವರ್ಷದ ಹಿಂದೆ. ಮನೆಯ ಹಿರಿಯನ ಬಗ್ಗೆ ಮನೆಯವರೇ ದುಡ್ಡು ಕೊಟ್ಟು ಬರೆಸಿದ್ದು. ಐಹೊಳೆಯಲ್ಲಿ ಪುಲಿಕೇಶಿಯ ಕವಿ ರವಿಕೀರ್ತಿ 634ರಲ್ಲಿ ಹರ್ಷನ ಹರ್ಷವೇ ಹಾರಿಹೋಯ್ತು ಅಂತ ಶ್ಲೇಷೆ ಕಟ್ಟಿದ್ದೂ ಅದೇ ಕಸುಬು. ಆ ಕಾಲದ ದೊಡ್ಡ ಬಜೆಟ್ಟಿನ ದೇಶಭಕ್ತಿ ಚಿತ್ರ ಅಂದ್ರೆ ಶಾಸನಾನೇ.

ಮತ್ತೆ ಸಿನಿಮಾ ಬಂದ ವರ್ಷ ನೋಡಿ. 1973ರ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯ್ತು, 1975ಕ್ಕೆ ‘ಮಯೂರ’. ಮೊದಲ ಕನ್ನಡ ರಾಜವಂಶದ ಕಥೆಯನ್ನು ಜನ ಆ ಹೊತ್ತಲ್ಲಿ ಯಾವ ಕಣ್ಣಲ್ಲಿ ನೋಡಿದರು ಅನ್ನೋದೂ ಇತಿಹಾಸವೇ. ಥಿಯೇಟರಿಗೆ ಎಪಿಗ್ರಾಫಿಯಾ ಕರ್ನಾಟಿಕಾದ ಶಾಸನ ಸಂಪುಟ ಹೊತ್ತುಕೊಂಡು ಹೋದರೆ ರಾಜ್‌ಕುಮಾರ್ ಕುದುರೆ ಏರೋದು ಕಾಣಿಸಲ್ಲ.

ಶಾಸನದಕಲ್ಲು

ಶಾಸನ ಹೊಗಳಿಕೆಯೇ, ಒಪ್ಪಿದೆ. ಅದಕ್ಕೇ ಅದು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತೆ. ಹೊಗಳೋಕೆ ಅಂತಲೇ ಕೂತ ಕವಿ ಕೂಡ ‘ನಮ್ಮವನು ಶತ್ರುವಿನ ಸೇವೆಗೆ ನಿಂತ’ ಅನ್ನೋದನ್ನು ಮುಚ್ಚಿಲ್ಲ. ನಮ್ಮ ಸಿನಿಮಾಗಳ ನಾಯಕರು ಈ ಕೆಲಸ ಮಾಡೋದೇ ಇಲ್ಲ, ಅವರಿಗೆ ರಾಜಿ ಅಂದ್ರೆ ಸೋಲು.

ಸಿನಿಮಾ ಬಂದ ವರ್ಷ ನೋಡಿ ಅನ್ನೋದು ಸರಿಯಾದ ಮಾತು. ಕಥೆ ನಡೆದ ವರ್ಷ, ಆಕರ ಬರೆದ ವರ್ಷ, ಸಿನಿಮಾ ತೆಗೆದ ವರ್ಷ, ಈ ಮೂರನ್ನೂ ಒಂದು ಚೀಟಿಯಲ್ಲಿ ಪಕ್ಕಪಕ್ಕ ಬರೆದಿಟ್ಟುಕೊಂಡರೆ ಅರ್ಧ ವಿಮರ್ಶೆ ಅಲ್ಲೇ ಆಗಿಹೋಗುತ್ತೆ.

ಮಲಪ್ರಭೆ_ದಂಡಿ

ಹಂಗಾರ ಕಿತ್ತೂರಿಗೆ ಬರ್ರಿ. ಕಥಿ ನಡದ ವರ್ಷ, ಸಿನಿಮಾ ಬಂದ ವರ್ಷ ಬರದು ನೋಡೂಣು.

ಕಂಪನಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಾಗ ಸತ್ತಿದ್ದು 1824ರ ಅಕ್ಟೋಬರ್ 23ಕ್ಕ. ಸಿನಿಮಾ ಬಂದಿದ್ದು 1961ಕ್ಕ, ಏಕೀಕರಣ ಆಗಿ ಐದ ವರ್ಷಕ್ಕ. ಮುಂಬೈ ಸೀಮಿಯೊಳಗಿದ್ದ ಕಿತ್ತೂರು ಮೈಸೂರಿನ ಮಂದಿಗೂ ತಮ್ಮದೇ ಊರು ಅನಿಸಿದ್ದು ಈ ಚಿತ್ರದಿಂದ ಅಂದ್ರ ತಪ್ಪಿಲ್ಲ. ನಿರ್ದೇಶಕರು ಬಿ.ಆರ್. ಪಂತುಲು. 1959ಕ್ಕ ತಮಿಳಿನಾಗ ಕಟ್ಟಬೊಮ್ಮನ್ ಮ್ಯಾಲಿನ ಚಿತ್ರ ಮಾಡಿದವರೂ ಅವರ. ‘ಕಪ್ಪ ಯಾಕ ಕೊಡಬೇಕು’ ಅಂತ ಕಂಪನಿ ಅಧಿಕಾರಿ ಎದುರಿಗೆ ಗುಡುಗೂ ದೃಶ್ಯ ಎರಡರಾಗೂ ಯಾಕ ಒಂದ ಎರಕದಾಗ ಹೊಯ್ದಂಗ ಅದ ಅಂತ ಕೇಳವ್ರಿಗೆ ಇದ ಉತ್ತರ. ಅಲ್ಲಿ ಶಿವಾಜಿ ಗಣೇಶನ್, ಇಲ್ಲಿ ಬಿ. ಸರೋಜಾದೇವಿ.

ಈಗ ಕಾರಣದ ಮಾತು. ಎಲ್ಲಾರೂ ಬರಿಯೂದು ‘ಡಾಲ್‌ಹೌಸಿ ದತ್ತು ಕಾಯ್ದೆ ತಂದ, ಚೆನ್ನಮ್ಮ ಎದುರು ನಿಂತಳು’ ಅಂತ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದಿದ್ದು 1848ಕ್ಕ! 1824ಕ್ಕ ಗವರ್ನರ್ ಜನರಲ್ ಆಮ್ಹರ್ಸ್ಟ್, ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್, ಕಮಿಷನರ್ ಚಾಪ್ಲಿನ್. ದತ್ತು ಮಗನಿಗೆ ಗಾದಿ ಇಲ್ಲ ಅನ್ನೂ ನೀತಿ ಇನ್ನೂ ಪಕ್ಕಾ ಆಗಿರಲಿಲ್ಲ. ಕಿತ್ತೂರಿನ ದೊರಿ ಶಿವಲಿಂಗರುದ್ರಸರ್ಜ ಸಾಯೂ ಮುಂದ ಮಾಡಿಕೊಂಡ ದತ್ತಕವನ್ನು ಥ್ಯಾಕರೆ ಒಪ್ಪಲಿಲ್ಲ, ಖಜಾನಿಗೆ ಬೀಗಮುದ್ರಿ ಹಾಕಲಿಕ್ಕೆ ಹೋದ. ಆ ನೀತಿ ಪಕ್ಕಾ ಆಗೂ ಮುಂದ ಅಧಿಕಾರಿಗಳು ಅದನ್ನ ಹೆಂಗ ನಡೆಸಿ ನೋಡಿದ್ರು ಅನ್ನೂದು ಕಿತ್ತೂರಿನ ಖರೇ ಸ್ವಾರಸ್ಯ. ಡಾಲ್‌ಹೌಸಿ ಹೆಸರು ತಂದ್ರ ಅದು ಹೋತು.

ಇನ್ನೊಂದು ಮುಜುಗರದ ಸಂಗತಿ. 1818ಕ್ಕ ಪೇಶವೆ ವಿರುದ್ಧ ಕಿತ್ತೂರು ಕಂಪನಿ ಕಡೆ ನಿಂತಿತ್ತು. ಅದಕ್ಕ ಬದಲಿ ಸನದು, ಅಂದ್ರ ಹಕ್ಕುಪತ್ರ, ಸಿಕ್ಕಿತ್ತು. ಆರು ವರ್ಷಕ್ಕ ಅದ ಕಂಪನಿ ತಿರುಗಿ ಬಿತ್ತು. ಇದನ್ನ ತೋರಿಸಿದ್ರ ಚೆನ್ನಮ್ಮನ ಎತ್ತರ ಕಡಿಮಿ ಆಗೂದಿಲ್ಲ, ನಂಬಿ ಮೋಸಹೋದ ಸಂಸ್ಥಾನದ ಸಿಟ್ಟು ಇನ್ನೂ ಸುಡತದ. ಖರೇ ಹೇಳ್ಬೇಕಂದ್ರ ಇದಕ್ಕಿಂತ ಛಲೋ ಚಿತ್ರಕಥಿ ಯಾರೂ ಕಟ್ಟಲಿಕ್ಕೆ ಬರೂದಿಲ್ಲ.

ಸಂಗೊಳ್ಳಿ ರಾಯಣ್ಣನದೂ ಅದ ಕಥಿ. ಅವ ಶೆಟ್ಟಿಸನದಿ, ಅಂದ್ರ ಊರ ಕಾವಲಿಗೆ ಬದಲಿ ಇನಾಮು ಹೊಲ ಉಳೂವಂವ. ಕಂಪನಿ ಆ ಹೊಲಗೋಳ ಮ್ಯಾಲೆ ಕಣ್ಣು ಹಾಕಿತು, ಕಂದಾಯ ಏರಿಸಿತು. ಅವನ ದಂಡು ಕಚೇರಿ ಸುಟ್ಟು ದಫ್ತರ ಬೂದಿ ಮಾಡಿದ್ದು ಸುಮ್ಮನ ಅಲ್ಲ, ಸಾಲ ಕಂದಾಯದ ಲೆಕ್ಕ ಇದ್ದಿದ್ದು ಅಲ್ಲೇ. ರಾಣಿ ಮ್ಯಾಲಿನ ನಿಷ್ಠಾ ಇತ್ತು, ಅದರ ಜೋಡಿ ಹೊಲದ ಸಿಟ್ಟೂ ಇತ್ತು. 2012ರ ಚಿತ್ರ ನೋಡಾವ್ರು ಹೊಲದ ಮಾತಿಗೆ ಎಷ್ಟು ನಿಮಿಷ ಕೊಟ್ಟಾರ, ಕತ್ತಿಗೆ ಎಷ್ಟು ಕೊಟ್ಟಾರ ಅಂತ ಗಡಿಯಾರ ಹಿಡಿದು ನೋಡ್ರಿ.

ರೀಲ್_ಪೆಟ್ಟಿಗೆ

ಹಳೆ ಚಿತ್ರಗಳ ಬಗ್ಗೆ ತೀರ್ಪು ಕೊಡೋ ಮುಂಚೆ ಯಾವ ಪ್ರಿಂಟ್ ನೋಡ್ತಾ ಇದ್ದೀರಿ ಅಂತ ಗಮನಿಸಿ. ಇಲ್ಲಾಂದ್ರೆ ಪ್ರಿಂಟಿನ ಪಾಪ ನಿರ್ದೇಶಕರ ತಲೆಗೆ.

1961ರ ‘ಕಿತ್ತೂರು ಚೆನ್ನಮ್ಮ’ದಂಥ ಕಪ್ಪುಬಿಳುಪು ಚಿತ್ರ ತೆಗೆದಿದ್ದು ಹೆಚ್ಚುಕಮ್ಮಿ ಚೌಕಾಕಾರದ ಚೌಕಟ್ಟಿಗೆ. ಅಂತರ್ಜಾಲದಲ್ಲಿ ಅದನ್ನು 16:9ಕ್ಕೆ ತುಂಬಿಸೋಕೆ ಮೇಲೆ ಕೆಳಗೆ ಕತ್ತರಿಸಿರ್ತಾರೆ, ಇಲ್ಲಾ ಅಡ್ಡಕ್ಕೆ ಎಳೆದಿರ್ತಾರೆ. ಕತ್ತರಿಸಿದ್ದರೆ ಕಿರೀಟದ ತುದಿ ಹೋಗಿರುತ್ತೆ, ದರ್ಬಾರಿನಲ್ಲಿ ಮೆಟ್ಟಿಲ ಮೇಲೆ ಯಾರು, ಕೆಳಗೆ ಯಾರು ಅನ್ನೋದೇ ಕಾಣಲ್ಲ. ಎಳೆದಿದ್ದರೆ ಕುದುರೆ ಗಿಡ್ಡ, ಮುಖ ಅಗಲ. ಎರಡೂ ಬದಿ ಕಪ್ಪು ಪಟ್ಟಿ ಇರೋ ಪ್ರತಿ ಸಿಕ್ಕಿದರೆ ಅದನ್ನೇ ನೋಡಿ. ಟಿವಿಯಲ್ಲಿ ‘ಪೂರ್ಣ ಪರದೆ’ ಆಯ್ಕೆ ತೆಗೆದು ಮೂಲ ಅನುಪಾತಕ್ಕೆ ಹಾಕಿ. ಚಲನೆಯನ್ನು ನಯ ಮಾಡೋ ಸೆಟ್ಟಿಂಗ್ ಆಫ್ ಇರಲಿ, ಇಲ್ಲಾಂದ್ರೆ ಯುದ್ಧದ ದೃಶ್ಯ ಧಾರಾವಾಹಿ ಥರ ಕಾಣುತ್ತೆ.

ಬಣ್ಣದ ಚಿತ್ರಗಳಲ್ಲಿ ಇನ್ನೊಂದು ಮೋಸ. 1970ರ ‘ಶ್ರೀ ಕೃಷ್ಣದೇವರಾಯ’ ಈಸ್ಟ್‌ಮನ್ ಕಲರ್. ಆ ಕಾಲದ ಪ್ರಿಂಟುಗಳಲ್ಲಿ ಹಸಿರುನೀಲಿ ಬಣ್ಣದ ಪದರ ಬೇಗ ಮಾಸುತ್ತೆ, ಉಳಿಯೋದು ಕೆಂಪು ಛಾಯೆ. ಹಂಪಿ ಎಲ್ಲ ಗುಲಾಬಿ. ‘ರಾಜನಿಗೆ ಯಾಕೆ ಈ ಬಣ್ಣದ ಉತ್ತರೀಯ’ ಅಂತ ಬೈಯೋ ಮೊದಲು ಆಕಾಶ ನೋಡಿ, ಆಕಾಶವೂ ಕೆಂಪಾಗಿದ್ದರೆ ವಸ್ತ್ರವಿನ್ಯಾಸದವರನ್ನು ಬಿಟ್ಟುಬಿಡಿ.

ಮಾತಿನ ಶೈಲಿಯೂ ಹಾಗೆ. ಕ್ಯಾಮೆರಾ ಎದೆಮಟ್ಟಕ್ಕೆ ನಿಲ್ಲುತ್ತೆ, ನಟರು ಅರ್ಧ ನಮ್ಮ ಕಡೆ ತಿರುಗಿ ಉದ್ದುದ್ದ ಮಾತಾಡ್ತಾರೆ. ಕಂಪನಿ ನಾಟಕದಲ್ಲಿ ಪಳಗಿದ ಕಂಠಗಳು ಅವು, ಕೊನೇ ಬೆಂಚಿಗೂ ಕೇಳಿಸೋ ಹಾಗೆ ಉಸಿರು ಹಿಡಿದು ಕಟ್ಟಿದ ಮಾತು. ಕಿತ್ತೂರಿನವರು ಹಳೆ ಮೈಸೂರಿನ ಗ್ರಾಂಥಿಕ ಕನ್ನಡ ಆಡೋದು ಚಾರಿತ್ರಿಕವಾಗಿ ತಪ್ಪೇ. ಆದರೆ ಅದು ನಾಟಕದ ಒಪ್ಪಂದ, ಯಾರನ್ನೂ ವಂಚಿಸೋಕೆ ಮಾಡಿದ್ದಲ್ಲ. ಎಲ್ಲಿ ಉಸಿರು ತಗೋತಾರೆ, ಯಾವ ಪದದ ಮೇಲೆ ನಿಲ್ತಾರೆ ಅಂತ ಕೇಳಿಸಿಕೊಂಡರೆ ಆ ದೃಶ್ಯಗಳ ರುಚಿ ಬೇರೆ.

ಶಾಸನದಕಲ್ಲು

ಕೃಷ್ಣದೇವರಾಯನ ಮಾತು ಬಂತಲ್ಲ, ಒಂದು ಸೇರಿಸ್ತೀನಿ. 1520ರ ಆಸುಪಾಸು ರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪಾಯೆಸ್ ಬರೆದಿದ್ದಾನೆ: ಮಧ್ಯಮ ಎತ್ತರ, ಒಳ್ಳೆ ಮೈಬಣ್ಣ, ತೆಳುವಿಗಿಂತ ಸ್ವಲ್ಪ ದಪ್ಪವೇ, ಮುಖದ ಮೇಲೆ ಸಿಡುಬಿನ ಕಲೆ. ತಿರುಮಲ ದೇಗುಲದಲ್ಲಿ ಇಬ್ಬರು ರಾಣಿಯರ ಜೊತೆ ನಿಂತ ಲೋಹದ ಮೂರ್ತಿಯಲ್ಲಿ ತಲೆ ಮೇಲಿರೋದು ಎತ್ತರದ ಕುಲಾವಿ ಟೋಪಿ. ನಮ್ಮ ತೆರೆಯ ರಾಯನಿಗೆ ನವರತ್ನದ ಕಿರೀಟ, ನುಣ್ಣನೆಯ ಕೆನ್ನೆ. ಮಂತ್ರಿ ತಿಮ್ಮರಸನ ಕಣ್ಣು ಕೀಳಿಸಿದ ಕಥೆಗೆ ಮುಖ್ಯ ಆಧಾರ ನೂನಿಜ್ ಅನ್ನೋ ಕುದುರೆ ವ್ಯಾಪಾರಿ, ಅವನು ಬರೆದಿದ್ದು 1530ರ ದಶಕದಲ್ಲಿ, ರಾಯ ತೀರಿಕೊಂಡ ಮೇಲೆ. ಕಣ್ಣಾರೆ ಕಂಡಿದ್ದು ಯಾವುದು, ಪೇಟೆಯಲ್ಲಿ ಕೇಳಿದ್ದು ಯಾವುದು ಅಂತ ಬೇರೆ ಮಾಡದೆ ಎರಡಕ್ಕೂ ಒಂದೇ ತೂಕ ಕೊಡಬಾರದು.

ಸಂಕಲನ

ಆಕರ ಓದದವರೂ ಮಾಡಬಹುದಾದ ಪರೀಕ್ಷೆಗಳಿವೆ, ಸಿನಿಮಾ ಒಳಗೇ. ಮೊದಲ ಸಲ ನೋಡುವಾಗ ಇದ್ಯಾವುದೂ ಬೇಡ, ಫೋನ್ ಒಳಗಿಟ್ಟು ಸುಮ್ಮನೆ ನೋಡಿ. ಅಳು ಬಂದರೆ ಅಳಿ, ಸಿಳ್ಳೆ ಬಂದರೆ ಹೊಡೀರಿ. ಯಾವ ಜಾಗದಲ್ಲಿ ಮೈ ಜುಮ್ಮೆಂದಿತು ಅಂತ ಮಾತ್ರ ನೆನಪಿಟ್ಟುಕೊಳ್ಳಿ. ಎರಡನೇ ಸಲ ಆ ಜಾಗಕ್ಕೇ ಹೋಗಿ ಐದು ನಿಮಿಷ ಶಬ್ದ ಪೂರ್ತಿ ತೆಗೆದು ನೋಡಿ.

ಶಬ್ದ ತೆಗೆದ ಮೇಲೂ ಮುಖಗಳಲ್ಲಿ, ದೃಶ್ಯದ ಜೋಡಣೆಯಲ್ಲಿ ಬಿಗಿ ಉಳಿದಿದ್ದರೆ ದೃಶ್ಯ ಗಟ್ಟಿ. ಏನೂ ಉಳಿಯದೆ ಒಬ್ಬ ನಿಧಾನಗತಿಯಲ್ಲಿ ನಡೀತಾ ಇರೋದು ಮಾತ್ರ ಕಂಡರೆ, ನಿಮ್ಮನ್ನು ಅಲ್ಲಾಡಿಸಿದ್ದು ನಗಾರಿ, ಕೋರಸ್. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ. ಎದುರಾಳಿ ಬಾಯಿ ಬಿಡೋ ಮುಂಚೆಯೇ ಸಂಗೀತ ‘ಇವನು ಕೆಟ್ಟವನು’ ಅಂತ ಹೇಳಿಬಿಡ್ತಾ? ಹೇಳಿದ್ದರೆ ಅವನ ವಾದ ಕೇಳೋ ಅವಕಾಶ ನಿಮಗೆ ಸಿಕ್ಕಿಲ್ಲ.

ಇನ್ನೊಂದು, ಭಾಷಣದ ದೃಶ್ಯದಲ್ಲಿ ಕೇಳುವವರ ಮುಖಗಳನ್ನು ಎಣಿಸಿ. ತಲೆಯಾಡಿಸುವವರು, ಕಣ್ಣೀರು ಹಾಕುವವರು ಮಾತ್ರ ಇದ್ದರೆ ಆ ಷಾಟುಗಳು ಇರೋದು ನಾವು ಏನು ಅನುಭವಿಸಬೇಕು ಅಂತ ಸೂಚನೆ ಕೊಡೋಕೆ. ಅನುಮಾನಪಡೋ, ಆಕಳಿಸೋ, ಬೇರೆ ಲೆಕ್ಕಾಚಾರದಲ್ಲಿರೋ ಮುಖ ಒಂದಾದರೂ ಇದ್ದರೆ ಆ ನಿರ್ದೇಶಕ ಪ್ರೇಕ್ಷಕರನ್ನು ನಂಬಿದ್ದಾನೆ.

ಎದುರು ಪಕ್ಷಕ್ಕೆ ಒಳ್ಳೆ ಮಾತು ಕೊಟ್ಟೂ ತನ್ನ ನಿಲುವು ಬಿಡದ ಚಿತ್ರಕ್ಕೆ ಉದಾಹರಣೆ ಬೇಕಾದ್ರೆ ಪೊಂಟೆಕೊರ್ವೊ ಅವರ ‘ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್’ (1966). ವಸಾಹತುಶಾಹಿ ವಿರುದ್ಧ ಅದರ ನಿಲುವು ಸ್ಪಷ್ಟ. ಆದರೂ ಫ್ರೆಂಚ್ ಕರ್ನಲ್ ಮೂರ್ಖನಲ್ಲ, ಅವನ ತರ್ಕ ಚೂಪು. ದಂಗೆಕೋರರು ಹೋಟೆಲಿನಲ್ಲಿ ಬಾಂಬ್ ಇಡೋ ಮುಂಚೆ ಅಲ್ಲಿ ಕೂತವರ ಮುಖಗಳನ್ನು ಕ್ಯಾಮೆರಾ ಒಂದೊಂದಾಗಿ ತೋರಿಸುತ್ತೆ, ಐಸ್‌ಕ್ರೀಮ್ ತಿನ್ನೋ ಮಗುವನ್ನೂ. ವಾರ್ತಾಚಿತ್ರದ ಹಾಗೆ ಕಂಡರೂ ಒಂದಡಿ ವಾರ್ತಾಚಿತ್ರವನ್ನೂ ಅದರಲ್ಲಿ ಬಳಸಿಲ್ಲ.

ಕಾವೇರಿ_ಕಣಿವೆ

ಯುದ್ಧದ ಚಿತ್ರಗಳಲ್ಲಿ ನಾನು ನೋಡೋದು ಒಂದೇ: ಸತ್ತವರ ಲೆಕ್ಕ.

‘ಬಾರ್ಡರ್’ (1997) ಲೊಂಗೆವಾಲಾ ಕದನದ ಮೇಲೆ, 1971ರ ಡಿಸೆಂಬರ್ 4ರ ರಾತ್ರಿಯಿಂದ 5ರವರೆಗೆ. ಮೇಜರ್ ಕುಲ್ದೀಪ್ ಸಿಂಗ್ ಚಾಂದ್‌ಪುರಿ, 23ನೇ ಪಂಜಾಬ್ ಬೆಟಾಲಿಯನ್ನಿನ ಒಂದು ಕಂಪನಿ, ಸುಮಾರು 120 ಜನ. ಎದುರಿಗೆ ಪಾಕಿಸ್ತಾನದ ಟ್ಯಾಂಕ್ ದಂಡು. ಸಿನಿಮಾದಲ್ಲಿ ಪ್ರೀತಿಪಾತ್ರ ಸೈನಿಕರು ಒಬ್ಬರಾದ ಮೇಲೊಬ್ಬರು ಬೀಳ್ತಾರೆ. ನಿಜದಲ್ಲಿ ಆ ಠಾಣೆಯಲ್ಲಿ ಮಡಿದವರು ಇಬ್ಬರು. ಇಷ್ಟು ಕಡಿಮೆ ನಷ್ಟದಲ್ಲಿ ಠಾಣೆ ಉಳಿಸಿಕೊಂಡಿದ್ದೇ ಚಾಂದ್‌ಪುರಿಯವರ ಕೌಶಲ: ಎತ್ತರದ ಮರಳುದಿಬ್ಬ ಹಿಡಿದಿದ್ದು, ಟ್ಯಾಂಕುಗಳು ಹತ್ತಿರ ಬರೋವರೆಗೂ ತಡೆದು ಗುಂಡು ಹಾರಿಸಿದ್ದು, ಬೆಳಗಾಗೋವರೆಗೆ ಕಾದಿದ್ದು. ಜೈಸಲ್ಮೇರಿನ ಹಂಟರ್ ವಿಮಾನಗಳಿಗೆ ರಾತ್ರಿ ಹಾರಿ ದಾಳಿ ಮಾಡೋ ಸಲಕರಣೆ ಇರಲಿಲ್ಲ. ಬೆಳಕು ಹರಿದ ಮೇಲೆ ಬಯಲಲ್ಲಿ ಸಿಕ್ಕಿಬಿದ್ದ ಟ್ಯಾಂಕುಗಳನ್ನು ಅವು ಒಂದೊಂದಾಗಿ ಹೊಡೆದವು. ಸಿನಿಮಾ ಇದನ್ನು ಬಲಿದಾನದ ಕಥೆ ಮಾಡಿತು. ಸಾಯದೆ ಗೆಲ್ಲೋದು ಪರದೆಗೆ ಸಪ್ಪೆ ಅನಿಸಿರಬೇಕು. ಸೈನ್ಯದ ಭಾಷೆಯಲ್ಲಿ ಅದೇ ದೊಡ್ಡ ಗೆಲುವು.

ಇನ್ನೊಂದು, ನಮ್ಮ ಕೊಡಗು ಜಿಲ್ಲೆಗೆ ತಾಗಿದ್ದು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಯಲ್ಲಿ ಮಿಸ್ಟಿಯರ್ ವಿಮಾನ ಹಾರಿಸಿ, ಅದರ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನ ಎದುರಿಸಿ ಅದನ್ನು ಉರುಳಿಸಿದರು, ತಾವು ವಾಪಸ್ ಬರಲಿಲ್ಲ. ಅವರಿಗೆ ಏನಾಯಿತು ಅನ್ನೋದು ಎಷ್ಟೋ ವರ್ಷ ಸರಿಯಾಗಿ ತಿಳಿದಿರಲಿಲ್ಲ. ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯಿಂದ ಬರೆದ ಪುಸ್ತಕ 1979ರಲ್ಲಿ ಬಂದ ಮೇಲೆ ಸುಳಿವು ಸಿಕ್ಕಿತು, ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. 2025ರ ‘ಸ್ಕೈ ಫೋರ್ಸ್’ ಇದೇ ಕಥೆ. ಅದರಲ್ಲಿ ಅವರ ಹೆಸರು ಟಿ. ಕೃಷ್ಣ ವಿಜಯ. ಕೊಡವ ಮನೆತನದ ಹೆಸರೇ ಹೋಯ್ತು. ಹೆಸರು ಬದಲಿಸೋಕೆ ಕಾನೂನಿನ ಕಾರಣ, ಕಥೆಯ ಕಾರಣ ಇರಬಹುದು. ಆದರೆ 23 ವರ್ಷ ಹೆಸರಿಗೆ ಮಾನ್ಯತೆ ಸಿಗದ ವ್ಯಕ್ತಿಯ ಕಥೆ ಹೇಳುವಾಗ ಹೆಸರನ್ನೇ ತೆಗೆಯೋದು ಕಥೆಯ ವಿಷಯಕ್ಕೇ ಕೊಡಲಿ ಪೆಟ್ಟು. ಇದನ್ನು ನಾನು ವೇಷಭೂಷಣದ ತಪ್ಪಿನ ಸಾಲಿಗೆ ಹಾಕಲ್ಲ.

ಯೋಧರ ಚಿತ್ರ ನೋಡಿ ಬಂದವರು ಶೌರ್ಯ ಪ್ರಶಸ್ತಿಗಳ ಸರ್ಕಾರಿ ಜಾಲತಾಣದಲ್ಲಿ ಆ ಹೆಸರಿನ ಪ್ರಶಂಸಾಪತ್ರ ಓದಿ. ಒಂದು ಪುಟ, ಬಣ್ಣ ಇಲ್ಲದ ಭಾಷೆ. ಚಿತ್ರಕಥೆಗಾರರು ಏನು ಸೇರಿಸಿದರು ಅನ್ನೋದು ಆಗ ತನ್ನಿಂತಾನೇ ಎದ್ದು ಕಾಣುತ್ತೆ.

ನೆತ್ತಿಸೂರ್ಯ

ಕಾವೇರಿ ಕಣಿವೆಯವರ ಎರಡನೇ ಉದಾಹರಣೆಗೆ ನನ್ನ ಬಳಿ ಉತ್ತರ ಇಲ್ಲ. ಮೊದಲನೆಯದಕ್ಕೆ ಇದೆ: ‘ಆರ್‌ಆರ್‌ಆರ್’ (2022). ತೆಲುಗು ನಾಡಿನ ಬಂಡಾಯ ನಾಯಕರಲ್ಲಿ ಅಲ್ಲೂರಿ ಸೀತಾರಾಮರಾಜು ತೀರಿಕೊಂಡಿದ್ದು 1924, ಕೊಮರಂ ಭೀಮ್ 1940, ಇಬ್ಬರೂ ಭೇಟಿಯಾದ ದಾಖಲೆಯೇ ಇಲ್ಲ. ಸಿನಿಮಾ ಪೂರ್ತಿ ಅವರಿಬ್ಬರ ಗೆಳೆತನ. ಯಾರಿಗೂ ಮೋಸ ಆಗಲಿಲ್ಲ, ಯಾಕಂದ್ರೆ ಹುಲಿ ಎದುರು ನಿಂತು ಗರ್ಜಿಸೋದು ನೋಡಿ ಇದು ಪಠ್ಯಪುಸ್ತಕ ಅಂತ ಯಾರೂ ಅಂದುಕೊಳ್ಳಲ್ಲ. ತಾನು ಸುಳ್ಳು ಅಂತ ಕೂಗಿ ಹೇಳೋ ಸುಳ್ಳು ಅಪಾಯ ಇಲ್ಲ. ನೆಟ್ಟಗೆ ನಿಂತು, ತಾರೀಕು ಹಾಕಿ, ಊರ ಹೆಸರು ಹಾಕಿ ಹೇಳೋದೇ ಕಷ್ಟ.

ರೀಲ್_ಪೆಟ್ಟಿಗೆ

ಅದಕ್ಕೇ ಮೊದಲ ಎರಡು ನಿಮಿಷ ತಪ್ಪಿಸಬೇಡಿ. ‘ನೈಜ ಘಟನೆ ಆಧಾರಿತ’, ‘ಪ್ರೇರಿತ’, ‘ಕಾದಂಬರಿ ಆಧಾರಿತ’, ‘ಎಲ್ಲ ಪಾತ್ರಗಳೂ ಕಾಲ್ಪನಿಕ’ ಇವು ಬೇರೆಬೇರೆ. ಒಂದೇ ಚಿತ್ರದಲ್ಲಿ ಮೊದಲನೆಯದೂ ಕೊನೆಯದೂ ಎರಡೂ ಇದ್ದರೆ, ಹೆಮ್ಮೆ ಬೇಕು ಹೊಣೆ ಬೇಡ ಅಂತ ಅರ್ಥ.

ದೂರದರ್ಶನದಲ್ಲಿ ಬಂದ ಟಿಪ್ಪು ಧಾರಾವಾಹಿ ನೆನಪಿರಬೇಕು. ಭಗವಾನ್ ಗಿಡ್ವಾನಿ ಅವರ ಕಾದಂಬರಿಯ ರೂಪಾಂತರ. ವಿವಾದ ನ್ಯಾಯಾಲಯದವರೆಗೆ ಹೋಗಿ, ಇದು ಕಲ್ಪಿತ ಕಥೆ, ನಿಖರತೆಯ ಹಕ್ಕುಸಾಧನೆ ಇಲ್ಲ ಅನ್ನೋ ಘೋಷಣೆ ಜೊತೆಗೇ ಪ್ರಸಾರ ಆಯ್ತು. ಜನರ ನೆನಪಲ್ಲಿ ಉಳಿದಿದ್ದು ಧಾರಾವಾಹಿ, ಘೋಷಣೆಯಲ್ಲ.

ಸೆನ್ಸಾರ್ ಪ್ರಮಾಣಪತ್ರದ ಬಗ್ಗೆಯೂ ಒಂದು ತಪ್ಪುಕಲ್ಪನೆ ಇದೆ. ‘ಸೆನ್ಸಾರ್ ಪಾಸ್ ಮಾಡಿದ ಮೇಲೆ ಇತಿಹಾಸ ಸರಿಯೇ ಇರಬೇಕಲ್ಲ’ ಅಂತಾರೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 5ಬಿ ವಿಧಿ ಕೇಳೋದು ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ, ನ್ಯಾಯಾಂಗ ನಿಂದನೆ ಇತ್ಯಾದಿ. ಇಸವಿ ಸರಿ ಇದೆಯೇ ಅನ್ನೋದು ಅದರಲ್ಲಿಲ್ಲ.

ಕಲ್ಯಾಣ_ಸೀಮೆ

ಕಾರಣ ನೋಡಿ ಅಂದಿರಿ. ನಾನು ಸಿನಿಮಾ ಎಲ್ಲಿ ಮುಗಿಯುತ್ತೆ ಅಂತ ನೋಡ್ತೀನಿ. ಕಥೆ ನಿಲ್ಲಿಸೋ ತಾರೀಕಿನಲ್ಲೇ ಮುಕ್ಕಾಲು ರಾಜಕೀಯ ಇರುತ್ತೆ.

1947ರ ಆಗಸ್ಟ್ 15ಕ್ಕೆ ಬಾವುಟ ಹಾರಿಸಿ ಮುಗಿಸೋ ಚಿತ್ರಗಳು ಕರ್ನಾಟಕದ ಅರ್ಧ ಭಾಗಕ್ಕೆ ಹೊಂದಲ್ಲ. ಮೈಸೂರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆದಿದ್ದು ಸ್ವಾತಂತ್ರ್ಯ ಬಂದ ಮೇಲೆ, 1947ರ ಸೆಪ್ಟೆಂಬರಿನಿಂದ. ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂದಿದ್ದು ಅಕ್ಟೋಬರ್ ಕೊನೆಗೆ. ಬೀದರ್, ಕಲಬುರಗಿ, ರಾಯಚೂರಿಗೆ ಬಿಡುಗಡೆ 1948ರ ಸೆಪ್ಟೆಂಬರ್ 17ಕ್ಕೆ.

ಹೈದರಾಬಾದ್ ಸಂಸ್ಥಾನದ ಚಿತ್ರಗಳಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. ನಿಜಾಮನ ಪರ ನಿಂತ ರಜಾಕಾರರ ಹಿಂಸೆ ನಿಜ. ಬೀದರ್ ಜಿಲ್ಲೆಯ ಗೋರಟಾದಲ್ಲಿ ಆದ ಹತ್ಯಾಕಾಂಡವನ್ನು ಆ ಕಡೆಯವರು ಮರೆತಿಲ್ಲ. ಸೆಪ್ಟೆಂಬರ್ 17ರ ನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯೂ ನಿಜ. ಕೇಂದ್ರ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ಜಿಲ್ಲೆಗಳು ಅಂತ ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಹೆಸರಿಸಿತು. ಆ ವರದಿ ದಶಕಗಟ್ಟಲೆ ಕಪಾಟಿನಲ್ಲಿತ್ತು. 17ಕ್ಕೆ ನಿಲ್ಲಿಸಿದ ಚಿತ್ರ ಒಂದು ಕಥೆ, 18ಕ್ಕೆ ಶುರುಮಾಡಿದ್ದು ಇನ್ನೊಂದು. ಎರಡರಲ್ಲೂ ತೋರಿಸಿದ್ದೆಲ್ಲ ನಿಜವೇ ಇರಬಹುದು, ಆದರೂ ಎರಡೂ ಅರ್ಧ.

ಬಾವುಟದ ಬಗ್ಗೆ, ಪಟ್ಟಿ ಪ್ರಿಯರಿಗೆ ಒಂದು ಉಪಕಾರ. ಅಶೋಕ ಚಕ್ರದ ಧ್ವಜ ಅಂಗೀಕಾರ ಆಗಿದ್ದು 1947ರ ಜುಲೈ 22ಕ್ಕೆ. ಅದಕ್ಕೂ ಮೊದಲು, 1931ರಿಂದ, ಕೇಸರಿ ಬಿಳಿ ಹಸಿರಿನ ನಡುವೆ ಇದ್ದದ್ದು ಚರಕ. 1938ರ ಶಿವಪುರ ಧ್ವಜ ಸತ್ಯಾಗ್ರಹವನ್ನೋ 1942ರ ಚಳವಳಿಯನ್ನೋ ತೋರಿಸುವಾಗ ಚಕ್ರ ಕಂಡರೆ ಅದು ತಪ್ಪು.

ಅದಕ್ಕಿಂತ ದೊಡ್ಡ ತಪ್ಪು ವಿಲನ್ ಯಾರು ಅನ್ನೋದರಲ್ಲಿ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು, ದಿವಾನರು ಮಿರ್ಜಾ ಇಸ್ಮಾಯಿಲ್. 1942ರ ಈಸೂರಿನಲ್ಲಿ ಜನರ ಕೈಗೆ ಸಿಕ್ಕು ಸತ್ತ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಇಬ್ಬರೂ ಕನ್ನಡಿಗರೇ. ಅಲ್ಲಿಗೊಬ್ಬ ಬಿಳಿಯ ಕ್ಯಾಪ್ಟನ್ ತಂದು ಬೂಟುಗಾಲಲ್ಲಿ ಒದೆಸಿದರೆ ನೋಡೋಕೆ ಸುಲಭ. ನಮ್ಮದೇ ಅರಮನೆ, ನಮ್ಮದೇ ಪೊಲೀಸು, ನಮ್ಮದೇ ರೈತ ಅನ್ನೋ ಕಗ್ಗಂಟು ಮಾಯ ಆಗುತ್ತೆ.

ಸಂಕಲನ

ಇದೇ ಥರದ ಗೊಂದಲ ಜಲಿಯನ್‌ವಾಲಾಬಾಗ್ ಚಿತ್ರಗಳಲ್ಲೂ ಇದೆ. ಗುಂಡು ಹಾರಿಸೋಕೆ ಹೇಳಿದವನು ಡಯರ್, 1927ರಲ್ಲಿ ಕಾಯಿಲೆಯಿಂದ ಸತ್ತ. ಉಧಮ್ ಸಿಂಗ್ 1940ರ ಮಾರ್ಚ್ 13ರಂದು ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಕೊಂದಿದ್ದು ಹತ್ಯಾಕಾಂಡದ ಹೊತ್ತಿಗೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಓ’ಡ್ವಯರ್‌ನನ್ನು. ‘ಸರ್ದಾರ್ ಉಧಮ್’ (2021) ಇದನ್ನು ಸರಿಯಾಗಿ ಇಟ್ಟುಕೊಂಡಿದೆ. ಅದರ ಇನ್ನೊಂದು ಗುಣ ಕ್ರಮ: ಸೇಡು ಮೊದಲು, ಹತ್ಯಾಕಾಂಡ ಕೊನೆಗೆ. 1650 ಸುತ್ತು ಗುಂಡಿನ ನಂತರ ರಾತ್ರಿಯಿಡೀ ಕೈಗಾಡಿಯಲ್ಲಿ ಗಾಯಾಳುಗಳನ್ನು ಸಾಗಿಸೋ ದೃಶ್ಯ ಎಷ್ಟು ಉದ್ದ ಅಂದ್ರೆ ಚಪ್ಪಾಳೆ ಹೊಡೆಯೋ ಜಾಗವೇ ಉಳಿಯಲ್ಲ. ಅದು ಬೇಕೆಂದೇ ಮಾಡಿದ್ದು.

ನೆತ್ತಿಸೂರ್ಯ

ಎಲ್ಲಾ ಕತ್ತಿ, ಬಂದೂಕು ಆಯ್ತು. ರಾಜಕೀಯ ಚಿತ್ರ ಅಂದ್ರೆ ಅಷ್ಟೇನಾ? ‘ಅಂತ’ದ ಥರ ಭ್ರಷ್ಟ ಮಂತ್ರಿಗೆ ನಾಯಕ ಬುದ್ಧಿ ಕಲಿಸೋದು?

ಕಲ್ಯಾಣ_ಸೀಮೆ

ಅಲ್ಲ. ಎಂ.ಎಸ್. ಸತ್ಯು ಅವರ ‘ಬರ’ ನೋಡಿ. ಅನಂತಮೂರ್ತಿ ಕಥೆ, ಬೀದರ್ ಹಿನ್ನೆಲೆ, ಅನಂತ್‌ನಾಗ್ ಜಿಲ್ಲಾಧಿಕಾರಿ. ಜಿಲ್ಲೆಯನ್ನು ಬರಪೀಡಿತ ಅಂತ ಘೋಷಿಸಿ ಅನ್ನೋ ಒಂದು ಕಡತ ಯಾರ ಯಾರ ಲೆಕ್ಕಾಚಾರಕ್ಕೆ ಸಿಕ್ಕಿ ಒದ್ದಾಡುತ್ತೆ ಅನ್ನೋದೇ ಕಥೆ. ಖಳನಾಯಕನನ್ನು ಹೊಡೆದರೆ ಪರಿಹಾರ ಸಿಗೋ ಚಿತ್ರ ಅಲ್ಲ. ಸಹಿ, ಗೋದಾಮು, ಪೈಪೋಟಿ, ಗಲಭೆ ಇವು ಒಂದಕ್ಕೊಂದು ಹೇಗೆ ಕೊಂಡಿ ಅಂತ ತೋರಿಸುತ್ತೆ. ನನ್ನ ಅಳತೆ ಇಷ್ಟೇ: ಸಿನಿಮಾ ಮುಗಿದ ಮೇಲೆ ಅಧಿಕಾರ ಹೇಗೆ ಕೆಲಸ ಮಾಡುತ್ತೆ ಅಂತ ಒಂದು ಹೊಸ ವಿಷಯ ತಿಳಿಯಿತೇ? ‘ಅಂತ’ದಲ್ಲಿ ತಿಳಿಯೋದು ಸಿಟ್ಟು. ಅದೂ ಬೇಕು, ಅದರ ಸುಖವೇ ಬೇರೆ, ಆದರೆ ಅದು ರಾಜಕೀಯದ ತಿಳಿವಳಿಕೆ ಅಲ್ಲ.

ಸಂಕಲನ

ಕಾಸರವಳ್ಳಿಯವರ ‘ಕೂರ್ಮಾವತಾರ’ವನ್ನೂ ಸೇರಿಸಿ. ನಿವೃತ್ತಿ ಅಂಚಿನ ಗುಮಾಸ್ತ ಟಿವಿ ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಮಾಡ್ತಾನೆ, ಜನ ಅವನನ್ನೇ ಗಾಂಧಿ ಅಂತ ಕಾಣೋಕೆ ಶುರುಮಾಡ್ತಾರೆ. ಐತಿಹಾಸಿಕ ಪಾತ್ರವನ್ನು ತೆರೆಗೆ ತಂದಾಗ ನಟನಿಗೆ, ನೋಡುಗರಿಗೆ, ಅದನ್ನು ಬಳಸಿಕೊಳ್ಳೋರಿಗೆ ಏನಾಗುತ್ತೆ ಅನ್ನೋದೇ ವಸ್ತು. ಈ ಚರ್ಚೆಗೆ ಇದಕ್ಕಿಂತ ಹತ್ತಿರದ ಚಿತ್ರ ಇಲ್ಲ.

ಕಾವೇರಿ_ಕಣಿವೆ

ಒಂದು ಸಣ್ಣ ವಿಷಯ, ಥಿಯೇಟರಿನಲ್ಲಿ ಜಗಳ ತಪ್ಪಿಸೋಕೆ. ಚಿತ್ರಕ್ಕೆ ಮುಂಚೆ ರಾಷ್ಟ್ರಗೀತೆ ಹಾಕೋದು ಕಡ್ಡಾಯ ಅಲ್ಲ, 2016ರ ನವೆಂಬರ್ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಸಡಿಲಿಸಿತು. ಹಾಕಿದರೆ ಎದ್ದು ನಿಲ್ಲಬೇಕು. ಕಥೆಯ ಭಾಗವಾಗಿ ತೆರೆ ಮೇಲೆ ರಾಷ್ಟ್ರಗೀತೆ ಬಂದರೆ ಏಳಬೇಕಾಗಿಲ್ಲ, ಇದನ್ನು ಕೋರ್ಟು 2017ರಲ್ಲೇ ಸ್ಪಷ್ಟಪಡಿಸಿದೆ. ಪಕ್ಕದವರನ್ನು ಗದರಿಸಬೇಡಿ.

ಶಾಸನದಕಲ್ಲು

@ಮಲಪ್ರಭೆ_ದಂಡಿ, ಹಲಗಲಿ ಬೇಡರ ಮೇಲೆ ಯಾರಾದರೂ ಒಂದು ಚಿತ್ರ ತೆಗೆದರೆ ಏನನ್ನು ಬಿಡಬಾರದು ಅಂತೀರಿ?

ಮಲಪ್ರಭೆ_ದಂಡಿ

ಕಾರಣ ಸರಳ ಅದ, ಅದನ್ನ ಕೆಡಸಬಾರದು. 1857ರ ನಿಶ್ಶಸ್ತ್ರೀಕರಣ ಹುಕುಂ. ಬ್ಯಾಟಿ ಆಡಿ ಬದುಕೂ ಮಂದಿಗೆ ಹತಾರ ಒಪ್ಪಿಸ್ರಿ ಅಂದ್ರು. ಹತಾರ ಹೋದ್ರ ಹೊಟ್ಟಿನೂ ಹೋತು, ಮಾನಾನೂ ಹೋತು. ಹಲಗಲಿ ಇದ್ದಿದ್ದು ಮುಧೋಳ ಸಂಸ್ಥಾನದಾಗ. ಹಿಂಗಾಗಿ ದೇಸಿ ದರ್ಬಾರು ಯಾರ ಕಡೆ ನಿಂತಿತ್ತು ಅನ್ನೂದೂ ಬರಬೇಕು, ಬರೇ ಕೆಂಪ ಅಂಗಿ ಬಿಳೀ ಮಾರಿ ಸಾಲೂದಿಲ್ಲ.

ಆಕರ ಎರಡು ಅದಾವು. ಒಂದು ಕಂಪನಿ ಕಾಗದ. ಇನ್ನೊಂದು ಲಾವಣಿ, ಫ್ಲೀಟ್ ಸಾಹೇಬ ಕೂಡಿಹಾಕಿ ಅಚ್ಚ ಮಾಡಿಸಿದ್ದು, ಕುರ್ತಕೋಟಿ ಕಲ್ಮೇಶನ ಅಂಕಿತದ್ದು. ಜಡಗ, ಬಾಲ, ಹನುಮ, ರಾಮ ನಾಕೂ ಮಂದಿ ಹೆಸರು ಅದರಾಗ ಅದಾವು. ದಂಡು ಊರು ಹೊಕ್ಕ ಮ್ಯಾಲೆ ಏನೇನು ಹೊತ್ತುಕೊಂಡು ಹೋತು ಅಂತ ಲಾವಣಿಕಾರ ಒಂದೊಂದ ಎಣಿಸ್ತಾನ: ಕೊಡಲಿ, ಕುಡ, ಮಸರು, ಬೆಣ್ಣಿ, ಉಪ್ಪು, ಎಣ್ಣಿ, ಅರಿಷಿಣ, ಜೀರಗಿ, ಬೆಲ್ಲ. ಆಮ್ಯಾಲೆ ಊರಿಗೆ ಬೆಂಕಿ.

ಡ್ರೋನ್ ಹಾರಿಸಿ ಸಾವಿರ ಮಂದಿ ಕಾಳಗ ತೆಗಿಯೂ ಮೊದಲ ಆ ಯಾದಿ ತೆಗೀರಿ. ಒಂದ ಮನಿ, ಒಂದ ಅಡಗಿ ಖೋಲಿ. ಸಿಪಾಯಿ ಒಬ್ಬಂವ ಉಪ್ಪಿನ ಗಡಿಗಿ ಎತ್ತತಾನ, ಇನ್ನೊಬ್ಬಂವ ಬೆಲ್ಲದ ಪೆಂಟಿ. ಹಿನ್ನೆಲಿ ಸಂಗೀತ ಬ್ಯಾಡ. ಮೂರು ನಿಮಿಷ ಸಾಕು, ಸೆಟ್ಟಿಗೂ ಖರ್ಚಿಲ್ಲ. ಜೋಡಿ ಕುಣಿತದ ಹಾಡ ಹಾಕೂದಿದ್ರ ಮಾತ್ರ ಈ ಕಥಿ ಮುಟ್ಟಬ್ಯಾಡ್ರಿ ಅಂತ ನಿರ್ಮಾಪಕರಿಗೆ ಮೊದಲ ಹೇಳಿಬಿಡ್ರಿ.